ಸಂದರ್ಶನದ ಬಾಗಿಲಲ್ಲಿ ಎದೆ ಢವಢವ

ಕಳೆದ ಮಳೆಗಾಲದ ಒಂದು ಭಾನುವಾರ. ರಾತ್ರಿ ಒಂಬತ್ತು ದಾಟಿತ್ತು. ಊಟಕ್ಕೆ ಕೂರಬೇಕೆನ್ನುವಷ್ಟರಲ್ಲಿ ಮನೆಯ ಮುಂದೆ ಆಟೋ ನಿಂತ ಸದ್ದಾಯಿತು. ಪೇಟೆಯಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡಿರುವ, ನನಗೆ ಹತ್ತು ವರ್ಷಗಳಿಂದ ಪರಿಚಯವಿರುವ ಒಬ್ಬರು ತಮ್ಮ ಮಗಳನ್ನು ಕೈಹಿಡಿದು ಇಳಿಸಿಕೊಂಡು ಬಂದರು. ಹುಡುಗಿಗೆ ಇಪ್ಪತ್ತೆರಡು ವರ್ಷ. ಒಂದು ವಾಕ್ಯ ಪೂರ್ತಿ ಮಾತನಾಡಲು ಆಗುತ್ತಿರಲಿಲ್ಲ. ಎದೆಯಿಂದ ಬರುತ್ತಿದ್ದ ಸುಯ್ ಸುಯ್ ಸದ್ದು ಬಾಗಿಲವರೆಗೂ ಕೇಳುತ್ತಿತ್ತು.

ಚಿಕ್ಕಂದಿನಲ್ಲಿ ಅವಳಿಗೆ ಆಸ್ತಮಾ ಇದ್ದದ್ದು ನನಗೆ ಗೊತ್ತಿತ್ತು. ಆದರೆ ಏಳೆಂಟು ವರ್ಷಗಳಿಂದ ಒಮ್ಮೆಯೂ ಉಬ್ಬಸ ಬಂದಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಏಕೆ? ಆಮ್ಲಜನಕ ಕೊಟ್ಟು, ನೆಬುಲೈಸರ್ ಇಟ್ಟು, ಅವಳು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕೇಳಿದೆ. "ಏನಮ್ಮ, ಏನಾದರೂ ಹೊಸ ಮಾತ್ರೆ ತಗೊಂಡಿದ್ದೀಯಾ?" ಅವಳು ಅಪ್ಪನ ಮುಖ ನೋಡಿ ತಲೆ ತಗ್ಗಿಸಿದಳು. "ಚಿಕ್ಕಪ್ಪನ ಮಾತ್ರೆ ಒಂದು ನುಂಗಿದೆ ಡಾಕ್ಟ್ರೇ. ಕೈನಡುಕಕ್ಕೆ ಅಂತ ಅವರು ತಗೋತಾರೆ. ನಾಳೆ ಬೆಂಗಳೂರಲ್ಲಿ ಇಂಟರ್‌ವ್ಯೂ ಇತ್ತು. ಹಿಂದಿನ ಎರಡು ಸಲ ಕೈಕಾಲು ನಡುಗಿ, ಬಾಯಿಂದ ಮಾತೇ ಹೊರಡಲಿಲ್ಲ. ಅದಕ್ಕೇ..."

ಆ ರಾತ್ರಿಯ ಬಸ್ಸು ಅವಳಿಲ್ಲದೆ ಹೊರಟಿತು. ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡು ದಿನಗಳಲ್ಲಿ ಗುಣವಾದಳು, ನಿಜ. ಆದರೆ ಆ ಮಾತ್ರೆಯನ್ನು ಬಸ್ಸು ಹತ್ತಿದ ಮೇಲೆ, ಕತ್ತಲೆಯ ಹೆದ್ದಾರಿಯಲ್ಲಿ ನುಂಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಈ ವಾರ ಉದ್ಯೋಗ ಸಂದರ್ಶನದ ಬಗ್ಗೆ ಬರೆಯಲು ಕಾರಣ ಅದೇ. 'ಇದಕ್ಕೂ ಆರೋಗ್ಯ ಅಂಕಣಕ್ಕೂ ಏನು ಸಂಬಂಧ?' ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ಪ್ರತಿ ವರ್ಷ ಫಲಿತಾಂಶ ಬಂದ ಮೇಲಿನ ತಿಂಗಳುಗಳಲ್ಲಿ ಎದೆಬಡಿತ, ನಿದ್ರಾಹೀನತೆ, ಹೊಟ್ಟೆ ತೊಳಸು, ಪದೇ ಪದೇ ಭೇದಿ ಎಂದು ನಮ್ಮಲ್ಲಿಗೆ ಬರುವ ಯುವಕ ಯುವತಿಯರ ಚೀಟಿಗಳನ್ನು ನೋಡಿದರೆ ಈ ಸಂಬಂಧ ತಾನಾಗಿಯೇ ಅರ್ಥವಾಗುತ್ತದೆ.

ನಡುಕ ರೋಗವಲ್ಲ

ಸಂದರ್ಶನದ ಕೋಣೆಯ ಹೊರಗೆ ಕುಳಿತಾಗ ಆಗುವುದಾದರೂ ಏನು? ಅಪಾಯ ಎದುರಾಗಿದೆ ಎಂದು ಮಿದುಳು ತಿಳಿದ ಕೂಡಲೇ, ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ. ಉಸಿರು ಚುರುಕಾಗುತ್ತದೆ. ಹೊಟ್ಟೆಯ ಕಡೆಗೆ ಹೋಗುತ್ತಿದ್ದ ರಕ್ತದ ಪಾಲು ಕಡಿಮೆಯಾಗಿ ಮಾಂಸಖಂಡಗಳ ಕಡೆಗೆ ಹರಿಯುತ್ತದೆ. ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ, ಬೆರಳುಗಳು ನಡುಗುತ್ತವೆ, ಮೂತ್ರಕ್ಕೆ ಹೋಗಬೇಕೆನ್ನಿಸುತ್ತದೆ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರವಾಗಿ ಬರೆದರು. ಹುಲಿ ಎದುರಾದಾಗ ಹೋರಾಡಲು ಇಲ್ಲವೇ ಓಡಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಮೇಜಿನ ಆಚೆ ಕುಳಿತವರು ಹುಲಿಯಲ್ಲ, ನಮ್ಮ ನಿಮ್ಮಂತಹ ಮನುಷ್ಯರು ಎಂಬುದು ನಮಗೆ ಗೊತ್ತು. ಆದರೆ ಅಡ್ರಿನಲ್ ಗ್ರಂಥಿಗೆ ಗೊತ್ತಿಲ್ಲ!

ಈ ತಳಮಳ ಪೂರ್ತಿ ಶತ್ರುವೂ ಅಲ್ಲ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಹೊರಟ ತಿಳಿವಳಿಕೆಯೊಂದಿದೆ. ಉದ್ವೇಗ ಸ್ವಲ್ಪವೂ ಇಲ್ಲದಿದ್ದರೆ ಕೆಲಸ ಚೆನ್ನಾಗಿ ಆಗುವುದಿಲ್ಲ. ಮಿತಿ ಮೀರಿದರೂ ಆಗುವುದಿಲ್ಲ. ನಡುವಿನ ಹದದಲ್ಲಿದ್ದಾಗ ಚೆನ್ನಾಗಿ ಆಗುತ್ತದೆ. ಸಾರಿಗೆ ಉಪ್ಪು ಹಾಕಿದ ಹಾಗೆ. ಆದ್ದರಿಂದ ನಿಮ್ಮ ಗುರಿ ಎದೆಬಡಿತವನ್ನು ಇಲ್ಲವಾಗಿಸುವುದಲ್ಲ, ಹದಕ್ಕೆ ತರುವುದು.

ಇನ್ನೊಂದು ಸಂಗತಿ. ನಮ್ಮ ಎದೆಬಡಿತ ನಮ್ಮ ಕಿವಿಗೆ ತಮಟೆಯಂತೆ ಕೇಳುತ್ತದೆ. ಎದುರು ಕುಳಿತವರಿಗೆ ಅದು ಕೇಳುವುದೇ ಇಲ್ಲ. ಬೆರಳು ಸ್ವಲ್ಪ ನಡುಗುವುದನ್ನು ಕಂಡರೂ, ಮೊದಲ ಬಾರಿ ಬಂದವರು ಎಂದು ಅವರು ಅರ್ಥ ಮಾಡಿಕೊಳ್ಳುತ್ತಾರೆ. ಅವರೂ ಒಂದು ದಿನ ಈಚೆಯ ಕುರ್ಚಿಯಲ್ಲಿ ಕುಳಿತವರೇ ಅಲ್ಲವೇ?

ಇನ್ನೊಬ್ಬರ ಮಾತ್ರೆ ಬೇಡ

ಆ ಹುಡುಗಿ ನುಂಗಿದ್ದು ಪ್ರೊಪ್ರನಲಾಲ್ ಎಂಬ ಮಾತ್ರೆ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ರೂಪಿಸಿದ, ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬರಲು ಕಾರಣಗಳಲ್ಲೊಂದಾದ ಒಳ್ಳೆಯ ಔಷಧ ಅದು. ಅಡ್ರಿನಲಿನ್ ಹೃದಯದ ಮೇಲೆ ನಡೆಸುವ ಕಾರುಬಾರನ್ನು ಅದು ತಡೆಯುತ್ತದೆ. ಎದೆಬಡಿತ ಇಳಿಯುತ್ತದೆ, ನಡುಕ ಕಡಿಮೆಯಾಗುತ್ತದೆ. ಆದರೆ ಅದೇ ಅಡ್ರಿನಲಿನ್ ಶ್ವಾಸನಾಳಗಳನ್ನು ಅಗಲವಾಗಿ ತೆರೆದಿಡುವ ಕೆಲಸವನ್ನೂ ಮಾಡುತ್ತಿರುತ್ತದೆ. ಆ ಬಾಗಿಲನ್ನೂ ಈ ಮಾತ್ರೆ ಮುಚ್ಚಿಬಿಡುತ್ತದೆ. ಆಸ್ತಮಾ ಇರುವವರಿಗೆ, ಎಂದೋ ಇದ್ದು ಮರೆತುಹೋದವರಿಗೂ, ಇದರಿಂದ ಪ್ರಾಣಾಪಾಯ ಆಗಬಹುದು. ನಾಡಿಬಡಿತ ಮೊದಲೇ ನಿಧಾನವಾಗಿರುವವರಿಗೆ, ರಕ್ತದೊತ್ತಡ ಕಡಿಮೆ ಇರುವವರಿಗೆ ತಲೆ ಸುತ್ತಿ ಬೀಳುವಂತಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳಲ್ಲಿ ಸಕ್ಕರೆ ಅಂಶ ಕುಸಿದಾಗ ಆಗುವ ಎದೆಬಡಿತ, ನಡುಕಗಳೆಂಬ ಎಚ್ಚರಿಕೆಯ ಗಂಟೆಯನ್ನೇ ಇದು ಮರೆಮಾಡುತ್ತದೆ.

ಆಲ್‌ಪ್ರಜೋಲಮ್‌ನಂತಹ ನಿದ್ರೆಯ ಮಾತ್ರೆಗಳ ಕಥೆ ಬೇರೆ. ಅವು ಭಯವನ್ನು ತಗ್ಗಿಸುವುದರ ಜೊತೆಗೆ ಮಂಪರು ಕವಿಸುತ್ತವೆ, ನೆನಪನ್ನೂ ಮಸುಕಾಗಿಸುತ್ತವೆ. ಕೇಳಿದ ಪ್ರಶ್ನೆಯೇ ನೆನಪಿಲ್ಲದಿದ್ದರೆ ಉತ್ತರ ಎಲ್ಲಿಂದ ಬರಬೇಕು? ಮೇಲಾಗಿ ಇವು ಅಭ್ಯಾಸವಾಗಿ ಅಂಟಿಕೊಳ್ಳುವಂಥವು. ಆದ್ದರಿಂದಲೇ 2014ರಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯಲ್ಲಿ ಆಲ್‌ಪ್ರಜೋಲಮ್ ಸೇರಿದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ದಾಖಲಿಸಿಡಬೇಕು.

ಯಾರಿಗೂ ಈ ಮಾತ್ರೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಪರೀಕ್ಷೆ ಮಾಡಿದ ಮೇಲೆ ನಾವೇ ಬರೆದುಕೊಡುತ್ತೇವೆ. ಆದರೆ ಅದು ನಿಮ್ಮ ನಾಡಿ ನೋಡಿ, ನಿಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ಬರೆದ ಚೀಟಿಯಾಗಿರಬೇಕು. ಚಿಕ್ಕಪ್ಪನ ಡಬ್ಬಿಯದ್ದಾಗಬಾರದು.

'ಅನುಭವ ಇದೆಯೇ?'

ಆಸ್ಪತ್ರೆಯಿಂದ ಬಿಡುಗಡೆಯಾದ ವಾರದ ನಂತರ ಹುಡುಗಿ ಮತ್ತೆ ತೋರಿಸಿಕೊಳ್ಳಲು ಬಂದಳು. ಎದೆ ಸ್ವಚ್ಛವಾಗಿತ್ತು. ನಾನು ಕೇಳಿದೆ: "ಅಲ್ಲಮ್ಮ, ಯಾವ ಪ್ರಶ್ನೆಗೆ ಅಷ್ಟು ನಡುಗಿದ್ದು?" ಅವಳೆಂದಳು: "ಮೊದಲನೇ ಪ್ರಶ್ನೆಯೇ ಡಾಕ್ಟ್ರೇ. ಎಕ್ಸ್‌ಪೀರಿಯನ್ಸ್ ಏನಿದೆ ಅಂತಾರೆ. ಏನೂ ಇಲ್ಲ ಅಂದ ಮೇಲೆ ಇನ್ನೇನು ಹೇಳೋದು?"

ನನಗೆ ನನ್ನ ಕಥೆಯೇ ನೆನಪಾಯಿತು. ಎಂಬಿಬಿಎಸ್ ಮುಗಿಸಿದ ಹೊಸತರಲ್ಲಿ ನರ್ಸಿಂಗ್ ಹೋಮ್ ಒಂದರಲ್ಲಿ ರಾತ್ರಿ ಪಾಳಿಯ ವೈದ್ಯರ ಕೆಲಸಕ್ಕೆ ಹೋಗಿದ್ದೆ. ಹಿರಿಯ ವೈದ್ಯರು "ಹೆರಿಗೆ ಮಾಡಿಸಿ ಅನುಭವ ಇದೆಯೇ?" ಎಂದು ಕೇಳಿದರು. ನಾಲಿಗೆ ಅಂಗುಳಿಗೆ ಅಂಟಿತು. "ಇಲ್ಲ ಸರ್, ಈಗಷ್ಟೇ ಪಾಸಾಗಿದ್ದೇನೆ" ಎಂದುಬಿಟ್ಟೆ. ಕೆಲಸ ಸಿಗಲಿಲ್ಲ. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಕುಳಿತಾಗ ಹೊಳೆಯಿತು. ಇಂಟರ್ನ್‌ಶಿಪ್ಪಿನ ಹೆರಿಗೆ ವಾರ್ಡಿನಲ್ಲಿ ರಾತ್ರಿಗಟ್ಟಲೆ ನಿಂತು ನಾನು ಮಾಡಿಸಿದ ಹೆರಿಗೆಗಳೆಲ್ಲ ನನ್ನ ಚೀಲದಲ್ಲಿದ್ದ ದಾಖಲೆ ಪುಸ್ತಕದಲ್ಲೇ ಇದ್ದವು! ಸಂಬಳ ತೆಗೆದುಕೊಳ್ಳದೆ ಮಾಡಿದ್ದು ಅನುಭವವಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಹೊಸಬರಲ್ಲಿ ಹೆಚ್ಚಿನವರು ಮಾಡುವ ತಪ್ಪು ಇದೇ. ಹೊಸಬರನ್ನು ಕರೆದಿರುವವರಿಗೆ ನಿಮಗೆ ಹಿಂದೆ ಕೆಲಸ ಇರಲಿಲ್ಲವೆಂದು ನಿಮ್ಮ ಅರ್ಜಿಯಿಂದಲೇ ಗೊತ್ತಾಗಿರುತ್ತದೆ. ಗೊತ್ತಿದ್ದೂ ಕರೆದಿದ್ದಾರೆ. ಅವರು ತಿಳಿಯಬಯಸುವುದು ಬೇರೆ. ಈ ಹುಡುಗ ಹೇಳಿದ ಕೆಲಸ ಮಾಡುತ್ತಾನೆಯೇ? ಗೊತ್ತಿಲ್ಲದ್ದನ್ನು ಕಲಿಯುತ್ತಾನೆಯೇ? ತಪ್ಪಾದರೆ ಒಪ್ಪಿಕೊಳ್ಳುತ್ತಾನೆಯೇ? ನಾಲ್ಕು ಜನರ ಜೊತೆ ಹೊಂದಿಕೊಂಡು ಹೋಗುತ್ತಾನೆಯೇ? ಇವುಗಳಿಗೆ ಉತ್ತರ ನಿಮ್ಮ ಬದುಕಿನಲ್ಲೇ ಇದೆ.

ಆ ಹುಡುಗಿಯನ್ನು ಕೆದಕಿ ಕೇಳಿದೆ. ಅವಳ ತಾಯಿ ಸ್ತ್ರೀಶಕ್ತಿ ಸಂಘದ ಸದಸ್ಯೆ. ಹದಿನೈದು ಮಹಿಳೆಯರ ಉಳಿತಾಯ, ಸಾಲ, ಬಡ್ಡಿಯ ಪುಸ್ತಕವನ್ನು ಮೂರು ವರ್ಷಗಳಿಂದ ಬರೆಯುತ್ತಿದ್ದವಳು ಈಕೆಯೇ. ಒಮ್ಮೆ ಲೆಕ್ಕದಲ್ಲಿ 640 ರೂಪಾಯಿ ತಾಳೆಯಾಗಲಿಲ್ಲ. ಸಂಘದಲ್ಲಿ ಒಬ್ಬರ ಮೇಲೊಬ್ಬರಿಗೆ ಅನುಮಾನ ಬಂದು ಜಗಳ ಶುರುವಾಗುವುದರಲ್ಲಿತ್ತು. ಇವಳು ಎರಡು ರಾತ್ರಿ ಕುಳಿತು ಹಿಂದಿನ ಪುಟಗಳನ್ನೆಲ್ಲ ತಿರುವಿ, ಒಂದು ಸಾಲದ ಕಂತು ಎರಡು ಕಡೆ ಬರೆದಿದ್ದನ್ನು ಹುಡುಕಿದಳು. ತಪ್ಪು ಅವಳದ್ದೇ ಆಗಿತ್ತು. ಮುಂದಿನ ಸಭೆಯಲ್ಲಿ ಎಲ್ಲರ ಮುಂದೆ ಅದನ್ನು ಹೇಳಿ ತಿದ್ದಿದಳು. ಲೆಕ್ಕಪತ್ರದ ಕೆಲಸಕ್ಕೆ ಅರ್ಜಿ ಹಾಕಿದ ಬಿ.ಕಾಂ. ಹುಡುಗಿಯಿಂದ ಇದಕ್ಕಿಂತ ಒಳ್ಳೆಯ ಉತ್ತರ ಯಾರು ನಿರೀಕ್ಷಿಸುತ್ತಾರೆ? "ಇದನ್ನ ಹೇಳಬಹುದಾ ಡಾಕ್ಟ್ರೇ? ಇದು ಮನೆ ಕೆಲಸ ಅಲ್ವಾ?" ಎಂದು ಅವಳು ಕೇಳಿದಳು.

ಓದುಗ ಮಿತ್ರರೇ, ನೀವೂ ಒಂದು ಹಾಳೆ ತೆಗೆದುಕೊಂಡು ಕುಳಿತುಕೊಳ್ಳಿ. ಅಪ್ಪನ ಅಂಗಡಿಯಲ್ಲಿ ಕುಳಿತದ್ದು, ಅಡಿಕೆ ಸುಲಿಯುವ ಕಾಲದಲ್ಲಿ ಆಳುಗಳ ಲೆಕ್ಕ ಇಟ್ಟದ್ದು, ಎನ್.ಎಸ್.ಎಸ್. ಶಿಬಿರದಲ್ಲಿ ನೂರು ಜನರ ಅಡಿಗೆಯ ಉಸ್ತುವಾರಿ ನೋಡಿಕೊಂಡದ್ದು, ಪಕ್ಕದ ಮನೆಯ ಮಕ್ಕಳಿಗೆ ಪಾಠ ಹೇಳಿದ್ದು, ಕಾಲೇಜಿನ ಪ್ರಾಜೆಕ್ಟ್, ಕಾಯಿಲೆಯ ಅಜ್ಜಿಯನ್ನು ಆಸ್ಪತ್ರೆಗೆ ಅಲೆದಾಡಿಸಿ ನೋಡಿಕೊಂಡದ್ದು, ಎಲ್ಲವನ್ನೂ ಬರೆಯಿರಿ. ಅವುಗಳಲ್ಲಿ ನಾಲ್ಕನ್ನು ಆರಿಸಿ, ಪ್ರತಿಯೊಂದನ್ನೂ ಮೂರು ಭಾಗ ಮಾಡಿ. ಪರಿಸ್ಥಿತಿ ಏನಿತ್ತು? ನೀವೇನು ಮಾಡಿದಿರಿ? ಕೊನೆಗೆ ಏನಾಯಿತು? ಒಂದೊಂದನ್ನೂ ಒಂದೂವರೆ ನಿಮಿಷದೊಳಗೆ ಹೇಳುವಂತೆ ಮಾಡಿಕೊಳ್ಳಿ. ಸಂದರ್ಶನದ ಹೆಚ್ಚುಪಾಲು ಪ್ರಶ್ನೆಗಳಿಗೆ ಈ ನಾಲ್ಕರಲ್ಲಿ ಒಂದು ಹೊಂದಿಕೊಳ್ಳುತ್ತದೆ.

ಸುಳ್ಳು ಅನುಭವ ಪತ್ರ ಕೊಡಿಸುವವರ ಸಹವಾಸ ಖಂಡಿತ ಬೇಡ. ಈಗ ಅನೇಕ ಸಂಸ್ಥೆಗಳು ಪತ್ರಗಳನ್ನು ಪರಿಶೀಲಿಸುತ್ತವೆ. ವೈದ್ಯನಾಗಿ ಹೇಳುವುದಾದರೆ, ಸುಳ್ಳು ಹೇಳಿ ಒಳಗೆ ಕುಳಿತವನ ಅಡ್ರಿನಲಿನ್ ಇಳಿಯುವುದೇ ಇಲ್ಲ. ಹಾಗೆಯೇ ಕೆಲಸ ಕೊಡಲು ಮುಂಗಡ ಹಣ ಕೇಳಿದರೆ ಎದ್ದು ಬನ್ನಿ. ಒಂದು ವರ್ಷ ಫೇಲಾಗಿದ್ದರೆ, ಕಾಯಿಲೆಯಿಂದ ಓದು ನಿಂತಿದ್ದರೆ, ಅದನ್ನು ಎರಡು ವಾಕ್ಯಗಳಲ್ಲಿ ನೇರವಾಗಿ ಹೇಳಿ, ಆಮೇಲೆ ಏನು ಮಾಡಿದಿರಿ ಎನ್ನುವುದಕ್ಕೆ ಬನ್ನಿ. ನಿಜವಾದ ಅನುಭವ ಬೇಕೆನ್ನುವವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಭತ್ಯೆ ಪಡೆದು ತರಬೇತಿ ಪಡೆಯುವ ದಾರಿಯೂ ಇದೆ. ಪದವೀಧರರು, ಡಿಪ್ಲೊಮಾ, ಐ.ಟಿ.ಐ. ಮುಗಿಸಿದವರು ಇದನ್ನು ವಿಚಾರಿಸಬಹುದು. ಅಂದಹಾಗೆ, ಕೇಂದ್ರ ಸರ್ಕಾರದ 'ಸಿ' ಗುಂಪಿನ ಹಾಗೂ ಪತ್ರಾಂಕಿತವಲ್ಲದ 'ಬಿ' ಗುಂಪಿನ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಡಲಾಗಿದೆ. ಸಂದರ್ಶನಕ್ಕೆ ಹೆದರಿ ಅಂತಹ ಅರ್ಜಿಯನ್ನೇ ಹಾಕದೆ ಕುಳಿತವರನ್ನೂ ನಾನು ನೋಡಿದ್ದೇನೆ.

ಮನೆಯ ಜಗಲಿಯಲ್ಲಿ ತಾಲೀಮು

ಭಯಕ್ಕೆ ಅತ್ಯುತ್ತಮ ಔಷಧ ಅಭ್ಯಾಸ. ಭಯಪಡುವ ಸಂಗತಿಯನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ ಮತ್ತೆ ಮತ್ತೆ ಎದುರಿಸಿದರೆ ಮಿದುಳು ಕ್ರಮೇಣ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮನಸ್ಸಿನಲ್ಲೇ ಉತ್ತರ ಓದಿಕೊಂಡರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಮೊದಲ ದಿನ ಕನ್ನಡಿಯ ಮುಂದೆ, ಆಮೇಲೆ ಅಕ್ಕನ ಮುಂದೆ, ಆಮೇಲೆ ಅಪ್ಪನ ಮುಂದೆ, ಕೊನೆಗೆ ಹೆಚ್ಚು ಪರಿಚಯವಿಲ್ಲದ ಹಿರಿಯರೊಬ್ಬರ ಮುಂದೆ. ನಿಮಗೆ ಪಾಠ ಹೇಳಿದ ಮೇಷ್ಟ್ರು, ಬ್ಯಾಂಕಿನ ನಿವೃತ್ತ ಮ್ಯಾನೇಜರು, ಯಾರನ್ನಾದರೂ ಕೇಳಿ ನೋಡಿ. ಸಂತೋಷದಿಂದ ಕೂರುತ್ತಾರೆ. ಬಾಗಿಲು ತಟ್ಟಿ ಒಳಗೆ ಬರುವುದರಿಂದ ಶುರು ಮಾಡಿ. ನಮ್ಮ ಕಂಪೌಂಡರರನ್ನು ಕುರ್ಚಿಯಲ್ಲಿ ಕೂರಿಸಿ ನಾವೂ ಆ ಹುಡುಗಿಗೆ ಮೂರು ಸಂಜೆ ತಾಲೀಮು ಮಾಡಿಸಿದೆವು. ಮೊದಲ ಸಂಜೆ ನಾಚಿಕೊಂಡು ನಕ್ಕಳು. ಮೂರನೆಯ ಸಂಜೆ ಕಂಪೌಂಡರರೇ ಪ್ರಶ್ನೆ ಮರೆತರು.

ಇಂಗ್ಲಿಷಿನ ಭಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ದೊಡ್ಡದು. ಉದ್ದುದ್ದ ವಾಕ್ಯಗಳನ್ನು ಬಾಯಿಪಾಠ ಮಾಡಬೇಡಿ, ಒಂದು ಪದ ಮರೆತರೆ ಇಡೀ ಗೋಡೆ ಕುಸಿಯುತ್ತದೆ. ಸಣ್ಣ ವಾಕ್ಯಗಳು ಸಾಕು. ತೊಡಕಾದರೆ "ಇದನ್ನು ಕನ್ನಡದಲ್ಲಿ ಹೇಳಬಹುದೇ?" ಎಂದು ಕೇಳುವುದರಲ್ಲಿ ಅವಮಾನವಿಲ್ಲ. ಉಗ್ಗು ಇರುವವರು ಅದನ್ನು ಮುಚ್ಚಿಡಲು ಹೆಣಗಿದಷ್ಟೂ ಅದು ಹೆಚ್ಚುತ್ತದೆ. "ನನಗೆ ಉಗ್ಗು ಇದೆ, ಸ್ವಲ್ಪ ಸಮಯ ಕೊಡಿ" ಎಂದು ಆರಂಭದಲ್ಲೇ ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆ ದೊರೆಯುತ್ತದೆ.

ಹಿಂದಿನ ರಾತ್ರಿ, ಅಂದಿನ ಬೆಳಿಗ್ಗೆ

ನಮ್ಮ ಸಾಗರದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಏಳೆಂಟು ಗಂಟೆಯ ಪ್ರಯಾಣ. ಮೆಜೆಸ್ಟಿಕ್‌ನಲ್ಲಿ ಮುಂಜಾನೆ ಇಳಿದು, ಮುಖ ತೊಳೆದು, ಖಾಲಿ ಹೊಟ್ಟೆಯಲ್ಲಿ ಎರಡು ಲೋಟ ಕಾಫಿ ಕುಡಿದು ನೇರ ಸಂದರ್ಶನಕ್ಕೆ ಹೋಗುವವರು ಬಹಳ. ದೇಹವನ್ನು ಇದಕ್ಕಿಂತ ಕೆಟ್ಟದಾಗಿ ಅಣಿಗೊಳಿಸಲು ಸಾಧ್ಯವಿಲ್ಲ. ನಿದ್ರೆಗೆಟ್ಟ ಮಿದುಳಿಗೆ ಪದಗಳು ಬೇಗ ಸಿಗುವುದಿಲ್ಲ. ಕಾಫಿಯಲ್ಲಿನ ಕೆಫೀನ್ ತಾನೇ ಎದೆಬಡಿತ, ನಡುಕ ಎಬ್ಬಿಸಬಲ್ಲದು. ಕುಡಿದ ಕೆಫೀನಿನ ಅರ್ಧ ಭಾಗ ಇಳಿಯಲು ಸುಮಾರು ಐದು ಗಂಟೆ ಬೇಕು. ಸಾಧ್ಯವಿದ್ದರೆ ಒಂದು ದಿನ ಮೊದಲೇ ಹೋಗಿ ನೆಂಟರ ಮನೆಯಲ್ಲಿ ತಂಗಿ. ಅದಾಗದಿದ್ದರೆ ಅದರ ಹಿಂದಿನ ಎರಡು ರಾತ್ರಿಗಳಾದರೂ ಚೆನ್ನಾಗಿ ನಿದ್ರೆ ಮಾಡಿ. ಒಂದು ರಾತ್ರಿ ನಿದ್ರೆ ಬಾರದಿದ್ದರೆ ಎಲ್ಲ ಮುಗಿಯಿತೆಂದು ಗಾಬರಿಯಾಗಬೇಕಿಲ್ಲ. ಕಣ್ಣುಮುಚ್ಚಿ ಮಲಗಿದ್ದರೂ ಮೈಗೆ ವಿಶ್ರಾಂತಿ ಸಿಗುತ್ತದೆ. ಬಸ್ಸಿನಲ್ಲಿ ವಾಂತಿಯಾಗದಿರಲೆಂದು ನುಂಗುವ ಕೆಲವು ಮಾತ್ರೆಗಳ ಮಂಪರು ಮರುದಿನ ಬೆಳಿಗ್ಗೆಯೂ ಉಳಿಯುತ್ತದೆ ಎಂಬುದು ನೆನಪಿರಲಿ.

ಬೆಳಿಗ್ಗೆ ನಾಲ್ಕು ಇಡ್ಲಿ, ಇಲ್ಲವೇ ಒಂದು ತಟ್ಟೆ ಉಪ್ಪಿಟ್ಟು, ಒಂದು ಬಾಳೆಹಣ್ಣು ಸಾಕು. ಎಣ್ಣೆಯಲ್ಲಿ ಕರಿದದ್ದು, ಮಸಾಲೆಯದ್ದು ಅಂದಿಗೆ ಬೇಡ. ಎಂದೂ ಕಾಫಿ ಕುಡಿಯದವರು ಅಂದು ಶುರು ಮಾಡಬೇಡಿ. ದಿನವೂ ಕುಡಿಯುವವರು ಒಂದೇ ಲೋಟಕ್ಕೆ ನಿಲ್ಲಿಸಿ, ಪೂರ್ತಿ ಬಿಟ್ಟರೆ ತಲೆನೋವು ಬರಬಹುದು. ನೀರು ಆಗಾಗ ಗುಟುಕು ಗುಟುಕಾಗಿ ಕುಡಿಯಿರಿ. ಮೂತ್ರಕ್ಕೆ ಹೋಗಬೇಕಾಗುತ್ತದೆಂದು ಹೆಣ್ಣುಮಕ್ಕಳು ನೀರೇ ಕುಡಿಯದೆ ಹೋಗುವುದುಂಟು. ಬಾಯಿ ಒಣಗಿ, ತಲೆನೋವು ಬರಲು ಅದೇ ಕಾರಣವಾಗುತ್ತದೆ. ಮುಟ್ಟಿನ ದಿನಗಳಾಗಿದ್ದರೆ ಬೇಕಾದ ಬಟ್ಟೆ, ಪ್ಯಾಡು, ವೈದ್ಯರು ಮೊದಲೇ ಹೇಳಿರುವ ನೋವಿನ ಮಾತ್ರೆ ಚೀಲದಲ್ಲಿರಲಿ. ಉಬ್ಬಸ ಇರುವವರು ಇನ್‌ಹೇಲರ್ ಮರೆಯಬೇಡಿ. ಹೊಸ ಚಪ್ಪಲಿ, ಹೊಸ ಬೂಟು ಅಂದೇ ಮೊದಲು ತೊಟ್ಟರೆ ಕಾಲು ಕಚ್ಚಿ ಗಮನವೆಲ್ಲ ಅಲ್ಲೇ ಇರುತ್ತದೆ. ವಾರದ ಮೊದಲೇ ತೊಟ್ಟು ಓಡಾಡಿ.

ಈಗ ಮೊದಲ ಸುತ್ತಿನ ಸಂದರ್ಶನ ಫೋನಿನ ಪರದೆಯಲ್ಲೇ ಮುಗಿಯುವುದುಂಟು. ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತು, ಬೆನ್ನು ನೆಟ್ಟಗಿಟ್ಟು, ಪಕ್ಕದಲ್ಲಿ ನೀರಿಟ್ಟುಕೊಳ್ಳಿ. ಆ ಅರ್ಧ ಗಂಟೆ ಮಿಕ್ಸಿ ತಿರುಗಿಸಬಾರದೆಂದು ಅಡಿಗೆಮನೆಗೆ ಮೊದಲೇ ಅರಿಕೆ ಮಾಡಿಕೊಳ್ಳಿ!

ಬಾಗಿಲ ಹೊರಗಿನ ಐದು ನಿಮಿಷ

ಸರದಿಗಾಗಿ ಕಾಯುವ ಹೊತ್ತಿನಲ್ಲಿ ಭಯ ಏರುತ್ತದೆ. ಉಸಿರು ಮೇಲಿಂದ ಮೇಲೆ ಆಡತೊಡಗುತ್ತದೆ. ಹೀಗಾದಾಗ ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ, ತುಟಿ ಜುಮುಜುಮು ಎನ್ನುತ್ತವೆ, ತಲೆ ಹಗುರಾದಂತಾಗುತ್ತದೆ. ಇದನ್ನೇ ಹೃದಯಾಘಾತವೆಂದು ಹೆದರಿದವರಿದ್ದಾರೆ. ಪರಿಹಾರ ಉಸಿರಿನಲ್ಲೇ ಇದೆ.

ಮೂಗಿನಿಂದ ಮನಸ್ಸಿನಲ್ಲೇ ನಾಲ್ಕು ಎಣಿಸುವವರೆಗೆ ಹೊಟ್ಟೆ ಉಬ್ಬುವಂತೆ ಉಸಿರು ತೆಗೆದುಕೊಳ್ಳಿ. ಆರು ಎಣಿಸುವವರೆಗೆ ನಿಧಾನವಾಗಿ ಬಿಡಿ. ನಿಮಿಷಕ್ಕೆ ಸುಮಾರು ಆರು ಉಸಿರು. ಐದು ನಿಮಿಷ ಮಾಡಿ. ನಂಬಿಕೆ ಬಾರದಿದ್ದರೆ ಮನೆಯಲ್ಲೇ ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಉಸಿರು ಒಳಗೆ ಹೋಗುವಾಗ ನಾಡಿ ಸ್ವಲ್ಪ ಚುರುಕಾಗುತ್ತದೆ, ಹೊರಗೆ ಬರುವಾಗ ನಿಧಾನವಾಗುತ್ತದೆ. ವೇಗಸ್ ಎಂಬ ನರ ಹೃದಯಕ್ಕೆ ಹಾಕುವ ಕಡಿವಾಣ ಅದು. ಬಿಡುವ ಉಸಿರನ್ನು ಉದ್ದ ಮಾಡಿದಷ್ಟೂ ಕಡಿವಾಣ ನಿಮ್ಮ ಕೈಯಲ್ಲಿ. ಆದರೆ ಇದನ್ನು ಹದಿನೈದು ದಿನ ಮುಂಚಿನಿಂದಲೇ ರೂಢಿಸಿಕೊಂಡಿರಬೇಕು. ಈಜನ್ನು ಕಲಿಯುವುದು ನೆರೆ ಬಂದಾಗ ಅಲ್ಲ.

'ನನಗೆ ಭಯವಿಲ್ಲ, ಭಯವಿಲ್ಲ' ಎಂದು ಹೇಳಿಕೊಂಡರೆ ಭಯ ಹೋಗುವುದಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕ್ಕೆ ಮುನ್ನ 'ನಾನು ಶಾಂತವಾಗಿದ್ದೇನೆ' ಎಂದುಕೊಂಡವರಿಗಿಂತ 'ನನಗೆ ಉತ್ಸಾಹವಾಗಿದೆ' ಎಂದುಕೊಂಡವರು ಚೆನ್ನಾಗಿ ಮಾತನಾಡಿದರು. ಉತ್ಸಾಹದಲ್ಲೂ ಎದೆ ಹೀಗೆಯೇ ಬಡಿಯುತ್ತದೆ. ಮದುವೆ ಮನೆಯ ಓಲಗ ಶುರುವಾದಾಗ ಬಡಿದ ಹಾಗೆ. ಹೆಸರು ಬದಲಾದರೆ ಮನಸ್ಸೂ ಬದಲಾಗುತ್ತದೆ.

ತಣ್ಣೀರಿನಲ್ಲಿ ಕೈ ತೊಳೆದು ಕರವಸ್ತ್ರದಲ್ಲಿ ಒರೆಸಿಕೊಳ್ಳಿ. ಬಹಳ ಹೊತ್ತು ಅಲುಗಾಡದೆ ನಿಲ್ಲಬೇಡಿ, ರಕ್ತ ಕಾಲಿಗೆ ಇಳಿದು ತಲೆಸುತ್ತು ಬರುತ್ತದೆ. ಕಣ್ಣು ಕತ್ತಲಿಟ್ಟಂತಾದರೆ ಸಂಕೋಚಪಡದೆ ಕುಳಿತು ತಲೆಯನ್ನು ಮೊಣಕಾಲ ಮಧ್ಯೆ ಬಾಗಿಸಿ, ಜಾಗವಿದ್ದರೆ ಮಲಗಿ ಕಾಲು ಎತ್ತರಿಸಿ. ಒಳಗೆ ಹೋದ ಮೇಲೆ ಪ್ರಶ್ನೆ ಕೇಳಿದ ಕೂಡಲೇ ಉತ್ತರ ಸುರಿಯಬೇಕಿಲ್ಲ. ಒಂದು ಉಸಿರು ಬಿಟ್ಟು ಮಾತು ಆರಂಭಿಸಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಸರ್, ತಿಳಿದುಕೊಳ್ಳುತ್ತೇನೆ" ಎನ್ನಿ. ನಾಲಿಗೆ ತೊದಲಿದರೆ "ಕ್ಷಮಿಸಿ, ಮತ್ತೆ ಹೇಳುತ್ತೇನೆ" ಎಂದು ಮೊದಲಿನಿಂದ ಹೇಳಿ. ಅಷ್ಟೇ.

ವೈದ್ಯರಲ್ಲಿಗೆ ಹೋಗಬೇಕಾದ್ದು ಯಾವಾಗ?

ಎಲ್ಲ ಎದೆಬಡಿತವೂ ಹೆದರಿಕೆಯದ್ದಲ್ಲ. ಸಂದರ್ಶನವಿಲ್ಲದ ದಿನವೂ ಎದೆ ಬಡಿಯುತ್ತಿದ್ದರೆ, ಚೆನ್ನಾಗಿ ಊಟ ಮಾಡಿದರೂ ತೂಕ ಇಳಿಯುತ್ತಿದ್ದರೆ, ಕೈ ಸದಾ ನಡುಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಬೇಕು. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು ಇದ್ದರೆ ರಕ್ತಹೀನತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. 'ಧೈರ್ಯ ಸಾಲದು' ಎಂದು ಬೈಸಿಕೊಳ್ಳುವ ಎಷ್ಟೋ ಹೆಣ್ಣುಮಕ್ಕಳಿಗೆ ಸಾಲದಿರುವುದು ಕಬ್ಬಿಣಾಂಶ! ಶ್ರಮಪಟ್ಟಾಗ ಎದೆನೋವು, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತಾಗಿ ತೀರಿಕೊಂಡ ಹಿನ್ನೆಲೆ ಇದ್ದರೆ ತಡಮಾಡಬೇಡಿ. ಜನರ ಮುಂದೆ ಮಾತನಾಡುವ ಭಯ ಅಂಗಡಿ, ಮದುವೆ ಮನೆ, ಫೋನು ಎಲ್ಲ ಕಡೆಯೂ ಆವರಿಸಿದ್ದರೆ ಅದಕ್ಕೂ ಚಿಕಿತ್ಸೆ ಇದೆ. ಮನೋವೈದ್ಯರನ್ನು ಕಾಣಲು ನಾಚಿಕೆ ಬೇಡ.

ತಂದೆ ತಾಯಂದಿರಿಗೆ ಒಂದು ಮಾತು

ಮಗ ಸಂದರ್ಶನದಿಂದ ಹಿಂತಿರುಗಿದಾಗ ಹೊಸಿಲಲ್ಲೇ "ಏನಾಯಿತು, ಸಿಕ್ಕಿತೇ?" ಎಂದು ಕೇಳಬೇಡಿ. "ಊಟ ಮಾಡು ಬಾ" ಎನ್ನಿ. ಹೇಳುವುದಿದ್ದರೆ ಅವನೇ ಹೇಳುತ್ತಾನೆ. ಪಕ್ಕದ ಮನೆಯವನ ಸಂಬಳವನ್ನು ತಟ್ಟೆಗೆ ಬಡಿಸಬೇಡಿ. ನಾಲ್ಕು ಕಡೆ ತಿರಸ್ಕೃತರಾದ ಮಕ್ಕಳು 'ನಾನು ಯಾವುದಕ್ಕೂ ಪ್ರಯೋಜನವಿಲ್ಲ' ಎಂಬಲ್ಲಿಗೆ ಬೇಗ ಬಂದು ಮುಟ್ಟುತ್ತಾರೆ. ಎರಡು ವಾರಗಳಿಗೂ ಹೆಚ್ಚು ಕಾಲ ಊಟ ಸೇರದಿದ್ದರೆ, ಗೆಳೆಯರನ್ನು ಬಿಟ್ಟು ಕೋಣೆಯಲ್ಲೇ ಕುಳಿತರೆ, ಬದುಕೇ ಬೇಡವೆಂಬ ಮಾತು ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ನೆನಪಿಡಿ

1. ಇನ್ನೊಬ್ಬರ ಮಾತ್ರೆಯನ್ನು ಎಂದೂ ನುಂಗಬೇಡಿ. ಆಸ್ತಮಾ ಇದ್ದರೆ, ಎಂದೋ ಇದ್ದಿದ್ದರೂ, ಯಾವ ಮಾತ್ರೆಗೆ ಮುನ್ನವೂ ವೈದ್ಯರಿಗೆ ತಿಳಿಸಿ.

2. ಸಂಬಳವಿಲ್ಲದೆ ಮಾಡಿದ್ದೂ ಅನುಭವವೇ. ನಿಮ್ಮ ಬದುಕಿನ ನಾಲ್ಕು ಪ್ರಸಂಗಗಳನ್ನು ಬರೆದು, ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ.

3. ಖಾಲಿ ಹೊಟ್ಟೆ, ಹೆಚ್ಚು ಕಾಫಿ, ನಿದ್ರೆಗೆಟ್ಟ ರಾತ್ರಿ: ಈ ಮೂರೂ ನಡುಕದ ಗೆಳೆಯರು.

4. ನಾಲ್ಕು ಎಣಿಸಿ ಉಸಿರು ಒಳಗೆ, ಆರು ಎಣಿಸಿ ಹೊರಗೆ. ಹದಿನೈದು ದಿನ ಮೊದಲೇ ರೂಢಿಸಿಕೊಳ್ಳಿ.

5. ಸುಳ್ಳು ಹೇಳಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿ.

ಕೊನೆಗೆ ಆ ಹುಡುಗಿಯ ವಿಷಯ. ತಾಲೀಮಿನ ನಂತರ ಅವಳು ಹೋದ ಮೊದಲ ಸಂದರ್ಶನದಲ್ಲಿ ಕೆಲಸ ಸಿಗಲಿಲ್ಲ. ಆದರೆ ಅಂದು ಸಂಜೆ ಫೋನ್ ಮಾಡಿ, "ಇವತ್ತು ಎಲ್ಲದಕ್ಕೂ ಉತ್ತರ ಹೇಳಿದೆ ಡಾಕ್ಟ್ರೇ. ಕೈ ನಡುಗ್ತಿತ್ತು, ಆದರೂ ಹೇಳಿದೆ" ಎಂದಳು. ಅದರ ಮುಂದಿನ ಸಂದರ್ಶನದಲ್ಲಿ ಸ್ತ್ರೀಶಕ್ತಿ ಸಂಘದ 640 ರೂಪಾಯಿಯ ಕಥೆ ಕೇಳಿದ ಹಿರಿಯರೊಬ್ಬರು ಕನ್ನಡಕ ತೆಗೆದಿಟ್ಟು, "ತಪ್ಪು ನಿನ್ನದೇ ಅಂತ ಹೇಳೋಕೆ ಭಯ ಆಗಲಿಲ್ವೇನಮ್ಮ?" ಎಂದು ಕೇಳಿದರಂತೆ. "ಆಯ್ತು ಸರ್, ಆದ್ರೆ ಅವರೆಲ್ಲ ಕಷ್ಟಪಟ್ಟು ಕೂಡಿಟ್ಟ ದುಡ್ಡು ಅದು" ಎಂದಳಂತೆ ಇವಳು. ಈಗ ಅವಳು ಅವರದೇ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾಳೆ. ಚಿಕ್ಕಪ್ಪನ ಮಾತ್ರೆ ಡಬ್ಬಿಗೆ ಅವರ ಮನೆಯಲ್ಲಿ ಈಗ ಬೀಗ ಬಿದ್ದಿದೆ. ನಿಮ್ಮ ಮನೆಯ ಡಬ್ಬಿಯನ್ನೂ ಇಂದೇ ಒಮ್ಮೆ ನೋಡಿಕೊಳ್ಳಿ.